ಎಳನೀರಿನ ಸಂದೇಶ ಯಾರಿಗೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳಲ್ಲಿ ಓಡಾಡಿ ಬೆಳೆದ ಮಕ್ಕಳು ಬಿ.ಎಸ್ಸಿ. ತರಗತಿಗೆ ಬಂದಾಗ ಜೀವಕೋಶಗಳ ಸಂವಹನ ಅವರ ಕೈಗೆ ಸಿಗುವುದು ಸಾಮಾನ್ಯವಾಗಿ ಒಂದು ಪಟ್ಟಿಯಾಗಿ: ಗ್ರಂಥಿ, ಹಾರ್ಮೋನು, ಕೆಲಸ. ಅಮೆರಿಕದ ಜೋಯಲ್ ಮೈಕಲ್ ಮತ್ತು ಜೆನ್ನಿ ಮೆಕ್‌ಫಾರ್ಲಂಡ್ ಶರೀರಕ್ರಿಯಾಶಾಸ್ತ್ರದ ಅಧ್ಯಾಪಕರನ್ನೇ ಕೇಳಿ 2011ರಲ್ಲಿ ಪ್ರಕಟಿಸಿದ 15 ಮೂಲತತ್ತ್ವಗಳಲ್ಲಿ ಈ ಸಂವಹನವೂ ಒಂದು. ಅದನ್ನು ಬಾಯಿಪಾಠಕ್ಕೆ ಬಿಟ್ಟರೆ ತಪ್ಪು ಕಲ್ಪನೆಗಳು ಬೇರೂರುತ್ತವೆ. ಅವುಗಳನ್ನು ಕೀಳಲು ಬೇಕಾದದ್ದು ಹಿತ್ತಲಲ್ಲೇ ಇದೆ.

ತಪ್ಪು ಕಲ್ಪನೆ: ಗಿಡಕ್ಕೆ ನರವಿಲ್ಲ, ರಕ್ತವಿಲ್ಲ, ಅದರ ಕೋಶಗಳು ಏನು ಮಾತಾಡಿಯಾವು? ಎಳನೀರೆಂದರೆ ನೀರು, ಸಕ್ಕರೆ, ಲವಣ ಅಷ್ಟೆ.

ಸತ್ಯ: ಎಳನೀರು ಭ್ರೂಣಕ್ಕೆಂದು ತೆಂಗು ಕೂಡಿಡುವ ಆಹಾರದ ದ್ರವರೂಪ. ಮೊದಲು ಅದರಲ್ಲಿ ಕೋಶಕೇಂದ್ರಗಳು ಗೋಡೆಯಿಲ್ಲದೆ ತೇಲುತ್ತಿರುತ್ತವೆ. ಕಾಯಿ ಬಲಿತಂತೆ ಅವು ಅಂಚಿನಲ್ಲಿ ಕೋಶಗಳಾಗಿ ಕಟ್ಟಿಕೊಂಡು ಗಂಜಿಯಾಗುತ್ತವೆ. ಆ ನೀರಿನಲ್ಲಿ ಕೋಶ ವಿಭಜನೆಯನ್ನು ಪ್ರಚೋದಿಸುವ ಸೈಟೊಕೈನಿನ್ ಎಂಬ ಸಸ್ಯ ಹಾರ್ಮೋನುಗಳೂ ಇವೆ. 1941ರಲ್ಲಿ ವಾನ್ ಓವರ್‌ಬೀಕ್, ಕಾಂಕ್ಲಿನ್, ಬ್ಲೇಕ್ಸ್ಲಿ ದತ್ತೂರಿಯ ಪುಟ್ಟ ಭ್ರೂಣಗಳನ್ನು ತೆಂಗಿನ ನೀರು ಬೆರೆಸಿದ ಮಾಧ್ಯಮದಲ್ಲಿ ಬೆಳೆಸಿದರು. 1948ರಲ್ಲಿ ಕ್ಯಾಪ್ಲಿನ್ ಮತ್ತು ಸ್ಟೂವರ್ಡ್ ಅದೇ ನೀರಿನಿಂದ ಕ್ಯಾರೆಟ್ ಚೂರುಗಳು ಭರದಿಂದ ಬೆಳೆಯುವಂತೆ ಮಾಡಿದರು. 1958ರ ಹೊತ್ತಿಗೆ ಸ್ಟೂವರ್ಡ್ ತಂಡ ಬಿಡಿ ಕ್ಯಾರೆಟ್ ಕೋಶಗಳಿಂದ ಇಡೀ ಗಿಡವನ್ನೇ ಪಡೆಯಿತು. ಇಂದಿಗೂ ಅಂಗಾಂಶ ಕೃಷಿಯ ಲ್ಯಾಬುಗಳಲ್ಲಿ ತೆಂಗಿನ ನೀರಿಗೆ ಜಾಗವಿದೆ.

ಇಲ್ಲಿ ಚುರುಕಾದ ವಿದ್ಯಾರ್ಥಿ ಕೇಳಲೇಬೇಕು: ಹಾಗಾದರೆ ಎಳನೀರು ಕುಡಿದ ನಮ್ಮ ಕೋಶಗಳೂ ಹಾಗೇ ವಿಭಜನೆಯಾಗುತ್ತವೆಯೆ? ಇಲ್ಲ. ಸಸ್ಯಕೋಶದಲ್ಲಿ ಸೈಟೊಕೈನಿನ್ನನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನು 2001ರಲ್ಲಿ ಪತ್ತೆಯಾಯಿತು. ಅದು ನಮ್ಮ ಕೋಶಗಳಲ್ಲಿಲ್ಲ. ಸಂದೇಶದ ಅರ್ಥ ಅಣುವಿನೊಳಗೆ ಬರೆದಿಲ್ಲ. ಅದನ್ನು ಪಡೆಯುವ ಕೋಶ ಅದಕ್ಕೆ ಅರ್ಥ ಕೊಡುತ್ತದೆ. ಇಡೀ ಪಾಠದಲ್ಲಿ ಮಕ್ಕಳ ತಲೆಯಲ್ಲಿ ಉಳಿಯಬೇಕಾದದ್ದು ಇದೇ ಎಂದು ನನ್ನ ನಂಬಿಕೆ.

ತೋಟದಲ್ಲಿ ಕೆಂಪು ಮೂತಿ ಹುಳುವನ್ನು ಹಿಡಿಯಲೆಂದು ವಾಸನೆಯ ಆಕರ್ಷಕ ಇಟ್ಟು ಕಟ್ಟುವ ಬಕೆಟ್ಟೂ ಇದನ್ನೇ ತೋರಿಸುತ್ತದೆ, ಅದು ಕೋಶದಿಂದ ಕೋಶಕ್ಕಲ್ಲ, ಹುಳುವಿನಿಂದ ಹುಳುವಿಗೆ ಹೋಗುವ ಸಂದೇಶವಾದರೂ. ಅದರಲ್ಲಿರುವುದು ಹೆಣ್ಣಿನ ವಾಸನೆ, ಗಂಡು ಹುಳು ಮಾತ್ರ ಬರುತ್ತದೆ ಎನ್ನುವವರಿದ್ದಾರೆ. ಆದರೆ ಅದು ಗಂಡು ಹುಳು ಸೂಸುವ ಫೆರುಜಿನಿಯಾಲ್. ಗಂಡು ಹೆಣ್ಣು ಎರಡೂ ಬಂದು ಬೀಳುತ್ತವೆ. ಅದೇ ಮರದ ಸುಳಿ ಕೊರೆಯುವ ಕುರುವಾಯಿ ದುಂಬಿಗೆ ಬೇರೆಯದೇ ಆಕರ್ಷಕ ಇಡಬೇಕು.

ತಪ್ಪು ಕಲ್ಪನೆ: ಒಂದು ಹಾರ್ಮೋನಿಗೆ ಒಂದೇ ಅಂಗ, ಒಂದೇ ಕೆಲಸ.

ಸತ್ಯ: ಕಾಯಿ ಕೀಳಲು ಮರ ಹತ್ತಿದವನ ಕಾಲು ಜಾರಿತೆನ್ನಿ. ಅಡ್ರಿನಲಿನ್ ರಕ್ತದ ಜೊತೆ ಎಲ್ಲ ಕಡೆ ಹರಿಯುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಶ್ವಾಸನಾಳ ಹಿಗ್ಗುತ್ತದೆ, ಚರ್ಮದ ರಕ್ತನಾಳ ಕುಗ್ಗುತ್ತದೆ, ಕರುಳು ನಿಧಾನವಾಗುತ್ತದೆ. ಅಣು ಒಂದೇ, ಗ್ರಾಹಕಗಳ ಬಗೆ ಮತ್ತು ಕೋಶದೊಳಗಿನ ಏರ್ಪಾಡು ಬೇರೆ. ಅಡ್ರಿನಲಿನ್ ಕೋಶದೊಳಗೆ ಹೊಕ್ಕು ಕೆಲಸ ಮಾಡುತ್ತದೆ ಎಂಬುದೂ ತಪ್ಪು. ಅದು ಪೊರೆಯ ಮೇಲಿನ ಗ್ರಾಹಕಕ್ಕೆ ಅಂಟುತ್ತದೆ. ಒಳಗಿನ ಸುದ್ದಿವಾಹಕ ಬೇರೆ. ಅಂಥದೊಂದು ವಾಹಕವಾದ ಸೈಕ್ಲಿಕ್ ಎಎಂಪಿಯನ್ನು ಕಂಡುಹಿಡಿದ ಅರ್ಲ್ ಸದರ್ಲೆಂಡ್‌ಗೆ 1971ರಲ್ಲಿ ನೊಬೆಲ್ ಬಂತು. ಕಾರ್ಟಿಸಾಲ್‌ನಂಥವು ಮಾತ್ರ ಪೊರೆ ದಾಟಿ ಒಳಗೇ ಹೋಗುತ್ತವೆ.

ತಪ್ಪು ಕಲ್ಪನೆ: ಸಕ್ಕರೆ ಕಾಯಿಲೆ ಎಂದರೆ ಇನ್ಸುಲಿನ್ ಇಲ್ಲ ಎಂದೇ ಅರ್ಥ.

ಸತ್ಯ: ಟೈಪ್ 1ರಲ್ಲಿ ಅದು ಬಹುಮಟ್ಟಿಗೆ ನಿಜ. ಹೆಚ್ಚು ಜನರಿಗಿರುವ ಟೈಪ್ 2ರಲ್ಲಿ ಇನ್ಸುಲಿನ್ ಇರುತ್ತದೆ, ಶುರುವಿನಲ್ಲಿ ಎಷ್ಟೋ ಸಲ ಜಾಸ್ತಿಯೇ ಇರುತ್ತದೆ. ಸ್ನಾಯು, ಯಕೃತ್ತು, ಕೊಬ್ಬಿನ ಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ವರ್ಷ ಕಳೆದಂತೆ ಮೇದೋಜೀರಕ ಗ್ರಂಥಿಯೂ ಸೋಲುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ “ಇನ್ಸುಲಿನ್ನಿನ ಕಾರ್ಯಗಳನ್ನು ಬರೆಯಿರಿ” ಎನ್ನುವ ಬದಲು, “ರಕ್ತದಲ್ಲಿ ಇನ್ಸುಲಿನ್ ಬೇಕಾದಷ್ಟಿದ್ದೂ ಸಕ್ಕರೆ ಏಕೆ ಇಳಿಯುತ್ತಿಲ್ಲ, ಸಂದೇಶಕ್ಕೆ ಯಾವ ಯಾವ ಹಂತದಲ್ಲಿ ತಡೆಯಾಗಿರಬಹುದು?” ಎಂದು ಕೇಳಬೇಕು.