ಆಶಾ: ಸ್ವಯಂಸೇವಕಿಯೇ, ನೌಕರಳೇ?

ಮನೆಯಲ್ಲಿ ಹೆರಿಗೆಯಾದಾಗ ಬಾಣಂತಿ, ಮಗುವನ್ನು ನೋಡಲು ಬರುವ, ಲಸಿಕೆಯ ದಿನವನ್ನು ನೆನಪಿಸುವ ಆಶಾ ಕಾರ್ಯಕರ್ತೆಯನ್ನು ನೀವೆಲ್ಲ ಬಲ್ಲಿರಿ. ಆಕೆಯ ಸಂಬಳವೆಷ್ಟೆಂದು ಎಂದಾದರೂ ಕೇಳಿದ್ದೀರಾ?

ಸಂಬಳ ಎಂಬುದೇ ಇಲ್ಲ. 2005ರಲ್ಲಿ ಯೋಜನೆ ಆರಂಭವಾದಂದಿನಿಂದ ಸರಕಾರದ ಕಡತದಲ್ಲಿ ಆಕೆ ಸ್ವಯಂಸೇವಕಿ. ನೌಕರಳೆಂದು ಒಪ್ಪಿದರೆ ಕನಿಷ್ಠ ವೇತನ, ಭವಿಷ್ಯನಿಧಿ ಎಲ್ಲವನ್ನೂ ಕೊಡಬೇಕಾದೀತಲ್ಲ! 2025ರ ಆರಂಭದಲ್ಲಿ ಕರ್ನಾಟಕದ ಆಶಾಗಳಿಗೆ ರಾಜ್ಯ ಕೊಡುತ್ತಿದ್ದುದು ತಿಂಗಳಿಗೆ 5,000 ರೂಪಾಯಿ ಗೌರವಧನ. ಉಳಿದದ್ದು ಒಂದೊಂದು ಕೆಲಸಕ್ಕೆ ಇಂತಿಷ್ಟು ಎಂಬ ಪ್ರೋತ್ಸಾಹಧನ. ಪೋರ್ಟಲ್‌ನಲ್ಲಿ ದಾಖಲಾಗದ ಕೆಲಸಕ್ಕೆ ಅದೂ ಇಲ್ಲ. ಬಿಸಿಲಲ್ಲಿ ಮನೆಮನೆ ಅಲೆದದ್ದು ಹೀಗೆ ಲೆಕ್ಕಕ್ಕೇ ಸಿಗದೆ ಹೋಗುತ್ತದೆ ಎಂಬುದು ಅವರ ದೊಡ್ಡ ಅಳಲು.

ಆ ಜನವರಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಾಲ್ಕು ದಿನ ಅಹೋರಾತ್ರಿ ಧರಣಿ ಕುಳಿತರು. ಸಂಘದವರು ಮುಖ್ಯಮಂತ್ರಿ ಸಿದ್ದರಾಮಯ್ಯನವರೊಂದಿಗೆ ಮಾತುಕತೆ ನಡೆಸಿದರು. ಕೇಳಿದ್ದು 15,000 ರೂಪಾಯಿ. ಸಿಕ್ಕಿದ್ದು ಎರಡೂ ಸೇರಿ ಕನಿಷ್ಠ 10,000 ಕೊಡುವ ಭರವಸೆ, ಅದೂ ಏಪ್ರಿಲ್‌ನಿಂದ.

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅಲ್‌ಬಕರ ಅಧ್ಯಾಯ ನಮಗೆ ಕಲಿಸಿದೆ. ದುಡಿದವಳ ಕೂಲಿಯೂ ಸಾಲವೇ ಅಲ್ಲವೇ? ಕೊಟ್ಟ ಮಾತು ಜಾರಿಗೆ ಬರಲಿಲ್ಲವೆಂದು ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ಮತ್ತೆ ಧರಣಿಗಿಳಿದರು.