ಕರುಳು ಮತ್ತು ಚಿತ್ತದ ತಿಳಿವು: ಅಮೋನಿಯದ ಸಾಕ್ಷ್ಯ

ಹೊಟ್ಟೆ ಕೆಟ್ಟರೆ ತಲೆಯೂ ಕೆಡುತ್ತದೆಂಬುದು ನಮ್ಮ ಜನರಲ್ಲಿ ಬಹುಕಾಲದಿಂದ ರೂಢವಾಗಿರುವ ತಿಳಿವಳಿಕೆ. ಅಸೂಯೆಯನ್ನು ಹೊಟ್ಟೆಕಿಚ್ಚೆಂದೂ ಮರುಕವನ್ನು ಕರುಳು ಚುರುಕ್ಕೆಂದಿತೆಂದೂ ಹೇಳುವ ಭಾಷೆಯಲ್ಲಿ ಈ ನಂಬಿಕೆ ಬೇರೂರಿರುವುದು ಸಹಜವೇ ಆಗಿದೆ. ಆದರೆ ಇದರಲ್ಲಿ ಅನುಭವದ ಪಾಲೆಷ್ಟು, ಊಹೆಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಏಕೆಂದರೆ ಏಕಾಣುಜೀವಿಗಳನ್ನು ಗುಳಿಗೆಯಲ್ಲಿ ತುಂಬಿ, ಏಕಾಗ್ರತೆಯನ್ನೂ ಸ್ಮರಣಶಕ್ತಿಯನ್ನೂ ಕೊಡುವುದೆಂದು ಮಾರುವ ವ್ಯಾಪಾರ ಇಂದು ವಿದ್ಯಾರ್ಥಿಗಳ ಬಾಗಿಲವರೆಗೂ ಬಂದಿದೆ. ಆದಕಾರಣ ಪ್ರಕೃತ ಲೇಖನದಲ್ಲಿ, ಕರುಳಿನಲ್ಲಿ ನಡೆಯುವ ಕ್ರಿಯೆಯಿಂದ ಬುದ್ಧಿ ಮಬ್ಬಾಗುವುದೆಂದು ನಿಸ್ಸಂದೇಹವಾಗಿ ಸಿದ್ಧಪಟ್ಟಿರುವ ಒಂದು ಸಂದರ್ಭವನ್ನು ವಿವರವಾಗಿ ಪರಿಶೀಲಿಸಿ, ಅದರಿಂದ ಎಷ್ಟು ದೂರ ಮುಂದೆ ಹೋಗಬಹುದೆಂಬುದನ್ನು ವಿಚಾರಿಸಲು ಯತ್ನಿಸಿದ್ದೇವೆ.

ಮೊದಲು ದೇಹರಚನೆಯ ಒಂದು ಅಂಶವನ್ನು ನೆನಪಿಗೆ ತಂದುಕೊಳ್ಳಬೇಕು. ಜಠರದಿಂದಲೂ ಕರುಳುಗಳಿಂದಲೂ ಹೊರಡುವ ರಕ್ತವು ದೇಹದ ಇತರ ಭಾಗಗಳ ರಕ್ತದಂತೆ ನೇರವಾಗಿ ಹೃದಯವನ್ನು ಸೇರುವುದಿಲ್ಲ. ಅದು ಪೋರ್ಟಲ್ ಸಿರೆ ಎಂಬ ಒಂದೇ ನಾಳದಲ್ಲಿ ಕೂಡಿಕೊಂಡು ಮೊದಲು ಯಕೃತ್ತನ್ನು ಹೊಕ್ಕು, ಅಲ್ಲಿ ಶೋಧನೆಗೆ ಒಳಗಾಗಿ, ಅನಂತರ ಹೃದಯದತ್ತ ಸಾಗುತ್ತದೆ. ಕರುಳಿನಿಂದ ಬಂದ ಸರಕೆಲ್ಲವೂ ಈ ಸುಂಕದ ಕಟ್ಟೆಯನ್ನು ದಾಟಿಯೇ ಮುಂದೆ ಹೋಗಬೇಕು. ಕಟ್ಟೆಯನ್ನು ತಪ್ಪಿಸಿದರೆ ಏನಾಗುತ್ತದೆ?

1877ರಲ್ಲಿ ರಷ್ಯದ ನಿಕೊಲಾಯ್ ಎಕ್ ಎಂಬ ವೈದ್ಯರು ಎಂಟು ನಾಯಿಗಳಲ್ಲಿ ಪೋರ್ಟಲ್ ಸಿರೆಯನ್ನು ಕೆಳ ಮಹಾಸಿರೆಗೆ ಜೋಡಿಸಿ, ಕರುಳಿನ ರಕ್ತ ಯಕೃತ್ತನ್ನು ಹೊಗದಂತೆ ಮಾಡಿದರು. ಏಳು ನಾಯಿಗಳು ಬೇಗನೆ ಸತ್ತವು. ಉಳಿದ ಒಂದು ಸುಮಾರು ಎರಡೂವರೆ ತಿಂಗಳು ಬದುಕಿದ್ದು ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡು ಓಡಿಹೋಯಿತು. (ವಿಜ್ಞಾನಕ್ಕೆ ಅದರಿಂದ ನಷ್ಟವಾಯಿತಾದರೂ ಆ ನಾಯಿಯನ್ನು ದೂರುವುದು ನಮಗೆ ಸಾಧ್ಯವಿಲ್ಲ.) ಮುಂದೆ ಪಾವ್ಲೊವ್ ಮತ್ತು ಅವರ ಸಹೋದ್ಯೋಗಿಗಳು ಇದೇ ಶಸ್ತ್ರಕ್ರಿಯೆಯನ್ನು ಹೆಚ್ಚು ನಾಯಿಗಳಲ್ಲಿ ನಡೆಸಿ, 1893ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬದುಕಿ ಉಳಿದ ನಾಯಿಗಳ ಸ್ವಭಾವ ಬದಲಾಗುತ್ತಿತ್ತು. ಸಾಧುವಾದದ್ದು ಸಿಡುಕಾಗುತ್ತಿತ್ತು; ನಡೆ ತಪ್ಪುತ್ತಿತ್ತು; ಕಣ್ಣು ಕಾಣದಂತಾಗಿ, ಸೆಳವು ಬಂದು, ಕೊನೆಗೆ ಎಚ್ಚರ ತಪ್ಪುತ್ತಿತ್ತು. ವಿಶೇಷವೇನೆಂದರೆ ಈ ಲಕ್ಷಣಗಳು ಮಾಂಸ ತಿನ್ನಿಸಿದ ಬಳಿಕ ಕಾಣಿಸಿಕೊಳ್ಳುತ್ತಿದ್ದವು. ಹಾಲು ರೊಟ್ಟಿಗಳ ಆಹಾರದಲ್ಲಿ ನಾಯಿಗಳು ಬಹುಮಟ್ಟಿಗೆ ನೆಮ್ಮದಿಯಾಗಿರುತ್ತಿದ್ದವು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಪಾವ್ಲೊವ್ ಅವರ ಹೆಸರು ಇಂದು ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯೊಡನೆ ಮಾತ್ರ ಸೇರಿಹೋಗಿದೆ. ಊಟವೊಂದು ಚಿತ್ತವನ್ನು ಕೆಡಿಸಬಲ್ಲದೆಂದು ತೋರಿಸಿದ ಈ ಪ್ರಯೋಗವೂ ಅಷ್ಟೇ ಸ್ಮರಣಾರ್ಹವೆಂದು ನಮ್ಮ ಅಭಿಪ್ರಾಯ.

ಆ ವಿಷವಾವುದು? ಪ್ರಧಾನವಾದದ್ದು ಅಮೋನಿಯ. ದೊಡ್ಡ ಕರುಳಿನಲ್ಲಿ ನೆಲಸಿರುವ ಬ್ಯಾಕ್ಟೀರಿಯಗಳು ಪ್ರೋಟೀನಿನ ಶೇಷವನ್ನೂ ಯೂರಿಯವನ್ನೂ ಒಡೆದು ಇದನ್ನು ಉತ್ಪತ್ತಿ ಮಾಡುತ್ತವೆ. ಸಣ್ಣ ಕರುಳಿನ ಕೋಶಗಳೂ ಗ್ಲೂಟಮಿನ್ ಎಂಬ ಅಮೈನೋ ಆಮ್ಲದಿಂದ ಸ್ವಲ್ಪವನ್ನು ಹುಟ್ಟಿಸುತ್ತವೆ. ಆರೋಗ್ಯವಂತನಲ್ಲಿ ಯಕೃತ್ತು ಇದನ್ನು ಹಿಡಿದು ಯೂರಿಯವಾಗಿ ಮಾರ್ಪಡಿಸುತ್ತದೆ. ಆ ಕ್ರಮವನ್ನು ಕ್ರೆಬ್ಸ್ ಮತ್ತು ಹೆನ್ಸೆಲೈಟ್ 1932ರಲ್ಲಿ ವಿವರಿಸಿದರು. ಯಕೃತ್ತು ಗಂಟುಗಂಟಾಗಿ ಗಡಸಾಗುವ ಸಿರೋಸಿಸ್ ರೋಗದಲ್ಲಿ ಎರಡು ಅನರ್ಥಗಳು ಒಟ್ಟಿಗೆ ಒದಗುತ್ತವೆ. ಉಳಿದ ಕೋಶಗಳಿಗೆ ಕೆಲಸದ ಶಕ್ತಿ ಸಾಲದು. ಮೇಲಾಗಿ, ಒತ್ತಡಕ್ಕೆ ಸಿಕ್ಕಿದ ರಕ್ತವು ಅಡ್ಡದಾರಿಗಳನ್ನು ಮಾಡಿಕೊಂಡು, ಎಕ್ ಅವರ ನಾಯಿಗಳಲ್ಲಿ ಆದಂತೆಯೇ, ಯಕೃತ್ತನ್ನು ಬಳಸಿ ಹೋಗುತ್ತದೆ. ಮಿದುಳನ್ನು ಸೇರಿದ ಅಮೋನಿಯವನ್ನು ಅಲ್ಲಿಯ ತಾರಾಕೋಶಗಳು ಗ್ಲೂಟಮಿನ್ ಆಗಿ ಮಾರ್ಪಡಿಸುತ್ತವೆ. ಗ್ಲೂಟಮಿನ್ ಶೇಖರವಾದಂತೆ ನೀರು ಒಳಸೇರಿ ಆ ಕೋಶಗಳು ಊದಿಕೊಳ್ಳುತ್ತವೆ. ನರಕೋಶಗಳಿಗೆ ಅವು ಸಲ್ಲಿಸಬೇಕಾದ ಸೇವೆ ಕುಂಠಿತವಾಗುತ್ತದೆ.

ಮನುಷ್ಯನಲ್ಲಿ ಈ ಸಂಬಂಧ ಖಚಿತವಾದದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. ಸಿರೋಸಿಸ್ ರೋಗಿಗಳ ಹೊಟ್ಟೆಯಲ್ಲಿ ತುಂಬಿದ ನೀರನ್ನು ಇಳಿಸಲು ಬಾಸ್ಟನ್ನಿನ ವೈದ್ಯರು ಕೊಟ್ಟ ಕೆಲವು ಔಷಧಗಳಲ್ಲಿ ಅಮೋನಿಯ ಅಡಕವಾಗಿತ್ತು. ರೋಗಿಗಳ ಮಾತು ತೊದಲಿತು, ಬುದ್ಧಿ ತಡವರಿಸಿತು, ಚಾಚಿದ ಕೈಗಳು ಹಕ್ಕಿಯ ರೆಕ್ಕೆಯಂತೆ ಬಡಿದುಕೊಂಡವು. ಔಷಧ ನಿಲ್ಲಿಸಿದ ಮೇಲೆ ಲಕ್ಷಣಗಳು ಹಿಂಜರಿದವು. ಈ ವೀಕ್ಷಣೆಗಳು 1952ರಲ್ಲಿ ಪ್ರಕಟವಾದವು. ಎರಡು ವರ್ಷಗಳ ಅನಂತರ ಲಂಡನ್ನಿನ ಷೀಲಾ ಷೆರ್ಲಾಕ್ ಮತ್ತು ಅವರ ಸಂಗಡಿಗರು ಈ ಮನೋವಿಕಾರದ ಸಮಗ್ರ ಚಿತ್ರವನ್ನು ಕೊಟ್ಟರು. ಹಗಲು ತೂಕಡಿಕೆ, ರಾತ್ರಿ ಎಚ್ಚರ, ಸಣ್ಣ ವಿಷಯಕ್ಕೆ ಸಿಡುಕು, ಕೈಬರಹ ಸೊಟ್ಟಗಾಗುವುದು, ದಿನ ವಾರಗಳ ಎಣಿಕೆ ತಪ್ಪುವುದು. ಇವು ಏರಿಳಿಯುತ್ತಿರುತ್ತವೆ ಎಂಬುದನ್ನು ಗಮನಿಸಬೇಕು. ನಿನ್ನೆ ಮಗನ ಹೆಸರನ್ನು ಮರೆತವನು ಇಂದು ಮನೆಯ ಲೆಕ್ಕವನ್ನು ಸರಿಯಾಗಿ ಹೇಳಬಹುದು. ಕುಡಿತದ ಅಮಲೆಂದೋ ಮುಪ್ಪಿನ ಮರೆವೆಂದೋ ಮನೆಯವರು ಉಪೇಕ್ಷಿಸುವುದಕ್ಕೆ ಇದೇ ಕಾರಣ. ಅಂಥ ಉಪೇಕ್ಷೆಯಿಂದ ಪ್ರಾಣಹಾನಿಯೂ ಆಗಬಹುದು.

ಚಿಕಿತ್ಸೆಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಕೆಟ್ಟದ್ದು ಯಕೃತ್ತು, ನರಳುವುದು ಮಿದುಳು. ಮದ್ದು ಕೊಡುವುದು ಇವೆರಡಕ್ಕೂ ಅಲ್ಲ, ಕರುಳಿಗೆ. 1966ರಲ್ಲಿ ಯೊಹಾನೆಸ್ ಬಿರ್ಷರ್ ಮತ್ತು ಸಂಗಡಿಗರು ಲ್ಯಾಕ್ಟುಲೋಸ್ ಎಂಬ ಕೃತಕ ಸಕ್ಕರೆಯನ್ನು ಈ ರೋಗಕ್ಕೆ ಪ್ರಯೋಗಿಸಿದ ವರದಿ ಬಂದಿತು. ಗ್ಯಾಲಕ್ಟೋಸ್ ಮತ್ತು ಫ್ರಕ್ಟೋಸ್‌ಗಳು ಕೂಡಿ ಆದ ಈ ಸಕ್ಕರೆಯನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಆದ್ದರಿಂದ ಅದು ಹಾಗೆಯೇ ದೊಡ್ಡ ಕರುಳನ್ನು ತಲಪುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳು ಅದನ್ನು ಹುಳಿಯಿಸುತ್ತವೆ. ಹುಳಿಯಾದ ಪರಿಸರದಲ್ಲಿ ಅಮೋನಿಯವು ವಿದ್ಯುದಂಶವುಳ್ಳ ಅಮೋನಿಯಂ ಆಗಿ, ಕರುಳಿನ ಗೋಡೆಯನ್ನು ಸುಲಭವಾಗಿ ದಾಟಲಾರದೆ ಅಲ್ಲಿಯೇ ಬಂಧಿಯಾಗುತ್ತದೆ. ಮಲವು ಸಡಿಲವಾಗುವುದರಿಂದ ಹೊರಗೂ ಹೋಗುತ್ತದೆ. ದಿನಕ್ಕೆ ಎರಡು ಮೂರು ಬಾರಿ ಮಲವಿಸರ್ಜನೆಯಾಗುವಂತೆ ಪ್ರಮಾಣವನ್ನು ಹೊಂದಿಸುವುದು ವೈದ್ಯರ ರೂಢಿ. ಬ್ಯಾಕ್ಟೀರಿಯಗಳನ್ನು ನೇರವಾಗಿ ಅಡಗಿಸುವ ಮಾರ್ಗವೂ ಉಂಟು. ಹಿಂದೆ ಬಳಸುತ್ತಿದ್ದ ನಿಯೊಮೈಸಿನ್ ಕಿವಿಗೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದಾದ್ದರಿಂದ, ರಕ್ತಕ್ಕೆ ಹೆಚ್ಚು ಸೇರದ ರಿಫಾಕ್ಸಿಮಿನ್ ಅದರ ಸ್ಥಾನಕ್ಕೆ ಬಂದಿದೆ. 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 299 ರೋಗಿಗಳನ್ನು ಆರು ತಿಂಗಳು ಗಮನಿಸಲಾಯಿತು. ಔಷಧ ಪಡೆದವರಲ್ಲಿ ನೂರಕ್ಕೆ 22 ಮಂದಿಗೂ ಹುಸಿಗುಳಿಗೆ ಪಡೆದವರಲ್ಲಿ ನೂರಕ್ಕೆ 46 ಮಂದಿಗೂ ಮನೋವಿಕಾರ ಮರುಕಳಿಸಿತು. ಇಂಥ ರೋಗಿಗೆ ಬೇಳೆ ಹಾಲುಗಳನ್ನು ಬಿಡಿಸಿ ಗಂಜಿಯಲ್ಲೇ ಇರಿಸುವ ಹಿಂದಿನ ಪದ್ಧತಿಯನ್ನು ಈಗ ಕೈಬಿಟ್ಟಿದ್ದಾರೆ. ಪ್ರೋಟೀನಿಲ್ಲದೆ ಸ್ನಾಯುಗಳು ಕರಗುತ್ತವೆ. ಅಮೋನಿಯವನ್ನು ಹೀರಿಕೊಳ್ಳುವುದರಲ್ಲಿ ಸ್ನಾಯುಗಳಿಗೂ ಒಂದು ಪಾತ್ರವಿದೆ.

ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದದ್ದು ಈ ರೋಗದ ಅತಿ ಸೌಮ್ಯ ರೂಪ. ನೋಡುವವರಿಗೆ ರೋಗಿ ಸ್ವಸ್ಥನಂತೆಯೇ ಇರುತ್ತಾನೆ. ಅವಧಾನವೂ ಚುರುಕೂ ಮಾತ್ರ ಕುಂದಿರುತ್ತವೆ. ಇದನ್ನು ಹಿಡಿಯಲು ಕಾಗದದ ಮೇಲೆ ಚದುರಿದ 1ರಿಂದ 25ರವರೆಗಿನ ಅಂಕಿಗಳನ್ನು ಅನುಕ್ರಮವಾಗಿ ಗೆರೆಯಿಂದ ಜೋಡಿಸಲು ಹೇಳಿ, ತೆಗೆದುಕೊಂಡ ಹೊತ್ತನ್ನು ಅಳೆಯುತ್ತಾರೆ. ಅಂಕಿ ಬಾರದ ರೋಗಿಗೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಕೊಟ್ಟವರು ನಮ್ಮ ದೇಶದ ವೈದ್ಯರು. ಅಂಕಿಗಳ ಬದಲು ಚಿತ್ರಗಳನ್ನು ಜೋಡಿಸುವ ಪರೀಕ್ಷೆಯನ್ನು ಅವರು 1995ರಲ್ಲಿ ಪ್ರಕಟಿಸಿದರು. ಚಂಡೀಗಢದಲ್ಲಿ ನಡೆದು 2007ರಲ್ಲಿ ವರದಿಯಾದ ಅಧ್ಯಯನದಲ್ಲಿ, ಇಂಥ ಸೌಮ್ಯ ವಿಕಾರವಿದ್ದವರು ಮೂರು ತಿಂಗಳು ಲ್ಯಾಕ್ಟುಲೋಸ್ ಸೇವಿಸಿದಾಗ ಮಾನಸಿಕ ಪರೀಕ್ಷೆಗಳಲ್ಲಿಯೂ ದೈನಂದಿನ ಜೀವನದ ಸೌಖ್ಯದಲ್ಲಿಯೂ ಸುಧಾರಿಸಿದುದು ಕಂಡುಬಂದಿತು. ಕರುಳಿನ ಒಳಗನ್ನು ಹುಳಿ ಮಾಡಿದ್ದರಿಂದ ಅವಧಾನ ತೀಕ್ಷ್ಣವಾಯಿತು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ದುರ್ಲಭ.

ಹಾಗಾದರೆ ಯಕೃತ್ತು ಸರಿಯಾಗಿರುವ ನಮ್ಮ ನಿಮ್ಮ ಗತಿಯೇನು? ಇಲ್ಲಿ ಚರಿತ್ರೆ ನಮ್ಮನ್ನು ಎಚ್ಚರಿಸುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಮಲಬದ್ಧತೆಯಿಂದ ವಿಷ ರಕ್ತಕ್ಕೇರಿ ಬುದ್ಧಿಯನ್ನು ಮಂಕಾಗಿಸುತ್ತದೆಂಬ ವಾದ ಪ್ರಬಲವಾಗಿತ್ತು. 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮೆಚ್ನಿಕಾಫ್ ಅದಕ್ಕೆ ಹುಳಿಹಾಲನ್ನು ಸೂಚಿಸಿದರು. ಅದರಿಂದ ಯಾರಿಗೂ ಕೇಡಾಗಲಿಲ್ಲ. ಲಂಡನ್ನಿನ ಆರ್ಬತ್ನಾಟ್ ಲೇನ್ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದರು. ಅಮೆರಿಕದ ಟ್ರೆಂಟನ್ನಿನ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ರೋಗಿಗಳ ಹಲ್ಲುಗಳನ್ನೂ ಕರುಳನ್ನೂ ತೆಗೆಸಿದರು. ಕರುಳು ತೆಗೆಸಿದವರಲ್ಲಿ, ಅವರದೇ ಲೆಕ್ಕದಂತೆ, ನೂರಕ್ಕೆ ಸುಮಾರು 30 ಮಂದಿ ಸತ್ತರು. ವಿಷವು ಇಂಥದೆಂದು ಯಾರೂ ತೋರಿಸಿರಲಿಲ್ಲವೆಂಬುದು ಗಮನಾರ್ಹ. 1922ರಲ್ಲಿ ಡೊನಾಲ್ಡ್‌ಸನ್ ಒಂದು ಸರಳ ಪ್ರಯೋಗದಿಂದ ಈ ವಾದದ ಬುಡವನ್ನೇ ಅಲುಗಿಸಿದರು. ಕೆಲವು ದಿನ ಮಲವನ್ನು ತಡೆದ ಸ್ವಸ್ಥರಲ್ಲಿ ತಲೆನೋವು, ಜಡತೆ, ಗಮನದ ಕೊರತೆಗಳು ತೋರಿದವು, ನಿಜ. ಆದರೆ ಗುದನಾಳದಲ್ಲಿ ಶುದ್ಧವಾದ ಹತ್ತಿಯನ್ನು ತುಂಬಿದಾಗಲೂ ಅಂಥವೇ ಲಕ್ಷಣಗಳು ಬಂದವು! ಹತ್ತಿಯಲ್ಲಿ ವಿಷವೆಲ್ಲಿಯದು? ಹಿಗ್ಗಿದ ಕರುಳಿನಿಂದ ಹೊರಟ ನರಸಂದೇಶವೇ ಅಲ್ಲಿ ಕಾರಣವೆಂದು ಊಹಿಸಬೇಕಾಗುತ್ತದೆ.

ಈ ನರಮಾರ್ಗ ಕಾಲ್ಪನಿಕವಲ್ಲ. ವೇಗಸ್ ನರದ ತಂತುಗಳಲ್ಲಿ ಸುಮಾರು ನೂರಕ್ಕೆ 80 ಪಾಲು ಒಳಾಂಗಗಳ ಸುದ್ದಿಯನ್ನು ಮಿದುಳಿಗೆ ಒಯ್ಯತಕ್ಕವು. ದೇಹದ ಸಿರೊಟೋನಿನ್ನಿನಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿ ಕರುಳಿನಲ್ಲಿಯೇ ಇರುವುದೆಂಬುದನ್ನು ಜಾಹೀರಾತುಗಳು ಎತ್ತಿ ಹೇಳುತ್ತವೆ. ಅದು ರಕ್ತದಿಂದ ಮಿದುಳಿನೊಳಕ್ಕೆ ದಾಟಲಾರದೆಂಬುದನ್ನು ಹೇಳುವುದಿಲ್ಲ. 2004ರಲ್ಲಿ ಜಪಾನಿನ ಸಂಶೋಧಕರು ಬ್ಯಾಕ್ಟೀರಿಯವೇ ಇಲ್ಲದಂತೆ ಬೆಳೆಸಿದ ಇಲಿಗಳು ಕ್ಲೇಶಕ್ಕೆ ಅತಿಯಾಗಿ ಪ್ರತಿಕ್ರಿಯಿಸುವುದನ್ನು ತೋರಿಸಿದರು. 2011ರಲ್ಲಿ ಲ್ಯಾಕ್ಟೋಬ್ಯಾಸಿಲಸ್‌ನ ಒಂದು ತಳಿಯನ್ನು ತಿಂದ ಇಲಿಗಳಲ್ಲಿ ಅಳುಕು ತಗ್ಗಿತು. ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಬಹು ಸುಂದರವಾದ ಪ್ರಯೋಗ. ಆದರೆ ಅದೇ ತಳಿಯನ್ನು 29 ಮಂದಿ ಆರೋಗ್ಯವಂತ ಪುರುಷರಿಗೆ ಕೊಟ್ಟು ನೋಡಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಕ್ಲೇಶದಲ್ಲಾಗಲಿ ಬುದ್ಧಿಯ ಕಾರ್ಯದಲ್ಲಾಗಲಿ ಹುಸಿಗುಳಿಗೆಗಿಂತ ಹೆಚ್ಚಿನ ಫಲವೇನೂ ದೊರೆಯಲಿಲ್ಲ. ಗುಳಿಗೆಯ ಡಬ್ಬಿಯ ಮೇಲೆ ಇಲಿಯ ಚಿತ್ರವನ್ನು ಅಚ್ಚುಹಾಕುವುದು ಪ್ರಾಮಾಣಿಕವಾದೀತು.

ಇದಕ್ಕಿಂತ ಸಾಮಾನ್ಯವಾದ ಇನ್ನೊಂದು ಮಾರ್ಗವನ್ನು ಹೇಳದೆ ಬಿಡಲಾಗದು. ಬಿ12 ಜೀವಸತ್ತ್ವವು ಜಠರದಲ್ಲಿ ಸ್ರವಿಸುವ ಒಂದು ಪ್ರೋಟೀನಿನೊಡನೆ ಕೂಡಿ, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೀರಲ್ಪಡುತ್ತದೆ. ಜಠರದ ಒಳಪೊರೆ ಸವೆದರೆ, ಅಥವಾ ಕರುಳಿನ ಆ ಭಾಗ ರೋಗಗ್ರಸ್ತವಾದರೆ, ಆಹಾರ ಸರಿಯಾಗಿದ್ದರೂ ಕೊರತೆ ಬರುತ್ತದೆ. ಮರೆವು, ಮಂಕು, ಕಾಲು ಜೋಮು ಹಿಡಿಯುವುದು ಅದರ ಲಕ್ಷಣಗಳು. ಸಸ್ಯಜನ್ಯ ಆಹಾರದಲ್ಲಿ ಈ ಜೀವಸತ್ತ್ವ ಇಲ್ಲವೆನ್ನುವಷ್ಟು ಕಡಿಮೆಯಾದುದರಿಂದ, ಹಾಲು ಮೊಸರುಗಳನ್ನೂ ಹೆಚ್ಚು ಸೇವಿಸದ ಶಾಕಾಹಾರಿಗಳಲ್ಲಿ ಕರುಳು ನೆಟ್ಟಗಿದ್ದರೂ ಕೊರತೆ ಉಂಟಾಗಬಹುದು. ರಕ್ತಪರೀಕ್ಷೆಯಿಂದ ಇದನ್ನು ಕಂಡುಹಿಡಿಯಬಹುದು. ಹೀರಿಕೆ ತಪ್ಪಿದವರಿಗೆ ಚುಚ್ಚುಮದ್ದಿನ ಮೂಲಕ ಬಿ12ನ್ನು ಒದಗಿಸುತ್ತಾರೆ. ಬಹುಕಾಲ ಹಾಗೆಯೇ ಬಿಟ್ಟರೆ ನರಗಳಿಗಾದ ಹಾನಿ ಪೂರ್ತಿಯಾಗಿ ಮರಳಿ ಸರಿಹೋಗುವುದಿಲ್ಲ.