ಬರೆದುಕೊಡುವವನ ಅಮಾನತ್



ಕಳೆದ ತಿಂಗಳ ಒಂದು ಜುಮಾದ ನಂತರ ಯುವಕನೊಬ್ಬ ನಮ್ಮ ಬಳಿ ಉಳಿದುಕೊಂಡ. ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಅವನಿಗೆ ಕೆಲಸ. "ಹಝ್ರತ್, ಒಬ್ಬ ಅಂಗಡಿಯವರ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಮರೆತೆ. ಸರ್ವರ್ ಡೌನ್ ಇತ್ತು ಎಂದು ಹೇಳಿಬಿಟ್ಟೆ. ದಂಡ ಅವರೇ ಕಟ್ಟಿದರು. ಇದು ಗುನಾಹ್ ಅಲ್ಲವೇ?" ಎಂದು ಕೇಳಿದ. ನಮ್ಮ ಎಷ್ಟೋ ಮಕ್ಕಳು ಈಗ ಇಂತಹ ಕೆಲಸದಲ್ಲಿದ್ದಾರೆ. ಆದ್ದರಿಂದ ಉತ್ತರವನ್ನು ಎಲ್ಲರಿಗೂ ಹೇಳುತ್ತಿದ್ದೇವೆ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್‌ಬಕರಃ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಬರಹಗಾರ ನ್ಯಾಯದಿಂದ ಬರೆಯಬೇಕು, ಬರೆಸುವವನು ಏನನ್ನೂ ಕಡಿಮೆ ಮಾಡಬಾರದು, ಬರಹಗಾರನಿಗೆ ತೊಂದರೆ ಕೊಡಬಾರದು ಎಂಬುದು ಅದರಲ್ಲಿನ ಆದೇಶಗಳ ಸಾರ. ಕಂಪ್ಯೂಟರ್ ಮುಂದೆ ಕುಳಿತು ಇತರರ ಅರ್ಜಿ ತುಂಬುವವನೂ ಬರಹಗಾರನೇ.

ಮೊದಲನೆಯದು ಗಡುವು. ಪ್ರತಿ ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ಜಿಎಸ್‌ಟಿಆರ್-3ಬಿಗೆ 20 ಸಾಮಾನ್ಯವಾಗಿ ಕೊನೆಯ ದಿನ. 3ಬಿ ತಡವಾದರೆ ದಿನಕ್ಕೆ 50 ರೂ., ತೆರಿಗೆಯೇ ಇಲ್ಲದಿದ್ದರೂ ದಿನಕ್ಕೆ 20 ರೂ. ವಿಳಂಬ ಶುಲ್ಕ. ನಮ್ಮ ಮರೆವಿಗೆ ಇನ್ನೊಬ್ಬನ ಗಲ್ಲಾಪೆಟ್ಟಿಗೆ ಖಾಲಿಯಾಗುತ್ತದೆ.

ಎರಡನೆಯದು, ಕಣ್ಣಿಗೆ ಬಿದ್ದ ತಪ್ಪನ್ನು ಹೇಳುವುದು. ಆಧಾರ್‌ನಲ್ಲಿ ಮುಹಮ್ಮದ್, ಪಾಸ್‌ಬುಕ್‌ನಲ್ಲಿ ಮೊಹಮ್ಮದ್, ಪಡಿತರ ಚೀಟಿಯಲ್ಲಿ ಬರೀ ಎಂ.ಡಿ. ಇದ್ದರೆ ಅರ್ಜಿ ಎಲ್ಲಾದರೂ ಸಿಕ್ಕಿಬೀಳಬಹುದು. ನೋಡಿಯೂ ಸುಮ್ಮನೆ ಶುಲ್ಕ ಪಡೆಯುವುದು ಖಿಯಾನತ್.

ಮೂರನೆಯದು ರಸೀದಿ. ಸಕಾಲ ಕಾಯ್ದೆಯಡಿ ಬರುವ ಸೇವೆಗೆ ಅರ್ಜಿ ಹಾಕಿದರೆ 15 ಅಂಕಿಯ ಸಂಖ್ಯೆ ಸಿಗುತ್ತದೆ. ಅದನ್ನು ಅರ್ಜಿದಾರರ ಕೈಗೆ ಕೊಡಿ. ಓದು ಬಾರದ ತಾಯಂದಿರಿಗೆ ಅದು ಏನೆಂದು ವಿವರಿಸಿ. ಅವರು ನಂಬಿ ಹೇಳಿದ ಓಟಿಪಿ ಆ ಒಂದು ಕೆಲಸಕ್ಕೆ ಮಾತ್ರ.

ವ್ಯಾಪಾರಿ ಸಹೋದರರೇ, ನಿಮಗೂ ಒಂದು ಮಾತು. 19ರ ರಾತ್ರಿ ಬಿಲ್ಲುಗಳ ಕಟ್ಟು ತಂದು ಹಾಕಿ, "ಸ್ವಲ್ಪ ಕಡಿಮೆ ತೋರಿಸಪ್ಪಾ" ಎನ್ನಬೇಡಿ. ಅದು ಬರಹಗಾರನಿಗೆ ಕೊಡುವ ತೊಂದರೆಯೇ.

ಆ ಯುವಕನಿಗೆ ನಾವು ಹೇಳಿದ್ದಿಷ್ಟು: ಅಲ್ಲಾಹನಲ್ಲಿ ತೌಬಾ ಮಾಡು. ಆದರೆ ದಾಸರ ಹಕ್ಕು ಬರೀ ತೌಬಾದಿಂದ ತೀರುವುದಿಲ್ಲ. ಅಂಗಡಿಯವರಿಗೆ ನಿಜ ಹೇಳು, ದಂಡದ ಹಣ ಹಿಂದಿರುಗಿಸು ಅಥವಾ ಮಾಫಿ ಕೇಳು. "ಕೆಲಸ ಹೋದರೆ?" ಎಂದ. ಹೋಗುವುದಿಲ್ಲ ಎಂದು ಭರವಸೆ ಕೊಡಲು ನಮ್ಮಿಂದಾಗಲಿಲ್ಲ. ಜೊತೆಗೆ ಬರುತ್ತೇವೆ ಎಂದೆವು. ಅಸರ್ ನಮಾಝಿನ ನಂತರ ಇಬ್ಬರೂ ಅಂಗಡಿಗೆ ಹೋದೆವು.

ನಮ್ಮ ಮಕ್ಕಳ ಬರಹದಲ್ಲಿ ಅಲ್ಲಾಹನು ಪ್ರಾಮಾಣಿಕತೆಯನ್ನೂ ದುಡಿಮೆಯಲ್ಲಿ ಬರಕತ್ತನ್ನೂ ಕರುಣಿಸಲಿ. ಆಮೀನ್.